ತ್ರಿಶೂಲಿಯ ದಡದ ಗದ್ದೆ

ಪೆರ್ಡೂರಿನ ನೆರೆಹೊರೆಯವರು ಕೂಡಿ ಜೂನ್ ಕೊನೆಯಲ್ಲಿ ನೇಪಾಳ ಪ್ರವಾಸ ಕೈಗೊಂಡಾಗ, ನಿವೃತ್ತ ಮಾಸ್ತರರೇ ತಂಡದ ಮುಖಂಡರಾದರು. ಕಾಠ್ಮಂಡುವಿನಲ್ಲಿ ಗಡಿಯಾರಗಳನ್ನು ಕಾಲು ಗಂಟೆ ಮುಂದಿಡಿಸಿದವರು ಅವರು. ಪಶುಪತಿನಾಥನ ಅರ್ಚನೆಗೆ ಕರ್ನಾಟಕದ ಭಟ್ಟರು ಹೋಗುವ ಹಳೆಯ ಸಂಪ್ರದಾಯವನ್ನು ವಿವರಿಸಿದವರೂ ಅವರೇ. ಅವರ ಪತ್ನಿ ಮಾತ್ರ, ಭಾಷೆ ತಿಳಿಯದ ನಾಡಿನಲ್ಲಿ, ಪತಿಯ ಹಿಂದೆ ಮೌನವಾಗಿ ನಡೆದಿದ್ದರು.

ಪೋಖರಾದ ದಾರಿಯಲ್ಲಿ, ತ್ರಿಶೂಲಿ ನದಿಯ ಬಳಿ, ಚಹಾಕ್ಕೆಂದು ಬಸ್ಸು ನಿಂತಿತು. ಅಂದು ನೇಪಾಳಿ ಪಂಚಾಂಗದ ಅಸಾರ್ ತಿಂಗಳ 15ನೆಯ ದಿನ, ನಾಟಿಯ ಹಬ್ಬ. ಗುಡ್ಡದ ಮೆಟ್ಟಿಲುಗದ್ದೆಗಳಲ್ಲಿ ಹೆಂಗಸರು ಹಾಡುತ್ತ ನೇಜಿ ನೆಡುತ್ತಿದ್ದರು.

ಚಹಾ ಮುಗಿಸಿ ತಲೆ ಎಣಿಸಿದರೆ ಒಬ್ಬರು ಕಡಿಮೆ! ಮಾಸ್ತರರು ಗಾಬರಿಯಿಂದ ಹುಡುಕುತ್ತ ಬಂದಾಗ, ಪತ್ನಿ ಸೀರೆ ಎತ್ತಿ ಕಟ್ಟಿ ಕೆಸರಿನಲ್ಲಿ ನಿಂತಿದ್ದರು. ಕೈಯಲ್ಲಿ ನೇಜಿಯ ಕಟ್ಟು. ಬಾಯಲ್ಲಿ ತುಳುವಿನ ನಾಟಿಹಾಡು, ಓಬೇಲೆ. ಹೊರಡುವಾಗ ಆ ಹೆಂಗಸರು ಹಬ್ಬದ ಮೊಸರವಲಕ್ಕಿಯನ್ನು ಕೊಡದೆ ಬಿಡಲಿಲ್ಲ.

"ಅವರೊಡನೆ ಯಾವ ಭಾಷೆಯಲ್ಲಿ ಮಾತಾಡಿದೆ?" ಬಸ್ಸಿನಲ್ಲಿ ಮಾಸ್ತರರು ಕೇಳಿದರು.

"ಮಾತೇಕೆ? ನೇಜಿ ಕೊಟ್ಟರು, ನೆಟ್ಟೆ." ಸ್ವಲ್ಪ ತಡೆದು ಆಕೆ ಕೇಳಿದರು: "ನಮ್ಮ ಬೈಲಿನ ಗದ್ದೆ ಹಡಿಲು ಬಿದ್ದು ಎಷ್ಟು ವರ್ಷವಾಯಿತು, ಹೇಳಿ?"

ಮಕ್ಕಳು ಬೆಂಗಳೂರು ಸೇರಿದ ವರ್ಷವನ್ನು ಮಾಸ್ತರರು ಮರೆತಿರಲಿಲ್ಲ. ದಾರಿಯುದ್ದಕ್ಕೂ ಎಲ್ಲರ ಪ್ರಶ್ನೆಗಳಿಗೆ ಉತ್ತರವಿತ್ತವರು ಈಗ ಕಿಟಕಿಯತ್ತ ಮುಖ ತಿರುಗಿಸಿದರು. ಹೊರಗೆ ಗದ್ದೆಗಳು ಹಿಂದೆ ಸರಿಯುತ್ತಿದ್ದವು.

ಬಹಳ ಹೊತ್ತಿನ ಮೇಲೆ ಮೆಲ್ಲಗೆ ಎಂದರು: "ಆಟಿ ತಿಂಗಳಿಗೆ ಇನ್ನೂ ದಿನವಿದೆ. ಊರಿನಲ್ಲಿ ಯಾರಲ್ಲಾದರೂ ನೇಜಿ ಸಿಕ್ಕೀತು."