ದ್ರಾಕ್ಷಿಯ ನಾಡಿನ ಹೊಳೆಯಲ್ಲಿ

ರೋಣ ಸೀಮೆಯ ಇಟಗಿಯವರಾದ ನಮಗೆ ಹೊಳೆಯೆಂದರೆ ಮಲಪ್ರಭೆ. ದ್ರಾಕ್ಷಿಯೆಂದರೆ ವಿಜಾಪುರದ ಕಡೆಯಿಂದ ಬರುವ ಹಣ್ಣು. ಅಂಥ ನಾವು ಮಗನ ಒತ್ತಾಯಕ್ಕೆ ಕಟ್ಟುಬಿದ್ದು, ಪೋರ್ತುಗಲ್ ದೇಶದ ಪೋರ್ತೊ ಪಟ್ಟಣದಲ್ಲಿ ದೋರು ನದಿಯ ಹಡಗನ್ನೇರಿದೆವು.

“ಶೆರೆಯ ನಾಡಿನಾಗ ನಮಗೇನು ಕೆಲಸರೀ?” ಎಂದು ನಮ್ಮ ಗೃಹಿಣಿಯ ಆಕ್ಷೇಪ. “ವೈದ್ಯರು ಕೊಡುವ ದ್ರಾಕ್ಷಾರಿಷ್ಟವೂ ಹುದುಗಿದ ರಸವೇ ಅಲ್ಲವೆ?” ಎಂದೆವು. ಆಕೆ ನಕ್ಕಳೇ ಹೊರತು ಒಪ್ಪಲಿಲ್ಲ.

ಈ ಹೊಳೆಯ ಮೇಲಣ ಕಣಿವೆಯ ದ್ರಾಕ್ಷಾರಸಕ್ಕೆ ಅಲ್ಲಿಯ ಸರಕಾರವು 1756ರಲ್ಲಿಯೇ ಸೀಮೆಯ ಎಲ್ಲೆಗಳನ್ನು ಗೊತ್ತುಪಡಿಸಿತು. ಪೂರ್ವದಲ್ಲಿ ‘ರಬೇಲೊ’ ಎಂಬ ಚಪ್ಪಟೆ ತಳದ ದೋಣಿಗಳು ಪೀಪಾಯಿಗಳನ್ನು ಹೊತ್ತು, ಬಂಡೆಗಳ ನಡುವಣ ಸೆಳವಿನಲ್ಲಿ ಇಳಿದು ಬರುತ್ತಿದ್ದವು. ಅಂಬಿಗರ ಪ್ರಾಣಕ್ಕೆ ಭರವಸೆಯಿರಲಿಲ್ಲ. ಈಗ ಐದು ಅಣೆಕಟ್ಟುಗಳು ಆ ಪ್ರವಾಹವನ್ನು ಶಾಂತಗೊಳಿಸಿವೆ. ಕರ್ರಪತೇಲೊ ಎಂಬಲ್ಲಿ ನಮ್ಮ ಹಡಗು ಎತ್ತರವಾದ ಗೋಡೆಗಳ ತೊಟ್ಟಿಯೊಳಗೆ ನಿಂತಿತು. ಹಿಂದಿನ ಬಾಗಿಲು ಮುಚ್ಚಿತು. ನೀರು ತುಂಬಿದಂತೆಲ್ಲ ಹಡಗು ಸುಮಾರು 35 ಮೀಟರು ಮೇಲೇರಿತು. ಗೃಹಿಣಿಯು ನಮ್ಮ ತೋಳನ್ನು ಬಿಟ್ಟದ್ದು ಮುಂದಿನ ಬಾಗಿಲು ತೆರೆದ ಬಳಿಕವೇ.

ಮುಂದೆ ದ್ರಾಕ್ಷಿಯ ಗುಡ್ಡಗಳು ತೋರಿದವು. ಮಣ್ಣಿಲ್ಲದ ಕಲ್ಲನ್ನು ಒಡೆದು, ಗಾರೆಯಿಲ್ಲದೆ ಒಡ್ಡಿನ ಮೇಲೆ ಒಡ್ಡು ಕಟ್ಟಿ, ತಲೆತಲಾಂತರಗಳಿಂದ ಒಕ್ಕಲಿಗರು ಅಲ್ಲಿ ಬಳ್ಳಿಗಳನ್ನು ಬೆಳೆಸಿದ್ದಾರೆ. 2001ರಲ್ಲಿ ಯುನೆಸ್ಕೋ ಆ ಸೀಮೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಎರೆನೆಲದಲ್ಲಿ ಒಂದು ಒಡ್ಡು ಹಾಕಿಸುವ ಕಷ್ಟವನ್ನು ಬಲ್ಲ ಆಕೆ ಬಹಳ ಹೊತ್ತು ನೋಡಿ, “ಕುಡಿಯೋದು ಬ್ಯಾರೆ, ದುಡಿಯೋದು ಬ್ಯಾರೆ ಬಿಡ್ರಿ” ಎಂದಳು.

ಆ ರಾತ್ರಿ ಊಟದ ಮೇಜಿಗೆ ರಸದ ಬಟ್ಟಲುಗಳು ಬಂದವು. ನಾವಿಬ್ಬರೂ ಅವನ್ನು ಮುಟ್ಟಲಿಲ್ಲ. ಆದರೆ ತಂದಿಟ್ಟವನಿಗೆ ಆಕೆ ಕೈಮುಗಿದಳು.