ವಿಮಾನವಿದ್ಯೆಯಲ್ಲಿ ಅಭ್ಯಾಸಬಲ

ಆಕಾಶದಲ್ಲಿ ಹಾರುವವನಿಗೆ ಎಲ್ಲಕ್ಕಿಂತ ಮೊದಲು ಬೇಕಾದುದು ಧೈರ್ಯವೆಂಬುದು ಜನಸಾಮಾನ್ಯರ ನಂಬಿಕೆ. ಧೈರ್ಯವು ಬೇಡವೆಂದಲ್ಲ. ಆದರೆ ಹಾರಲು ಹೊರಟವನನ್ನು ಸುರಕ್ಷಿತವಾಗಿ ನೆಲಕ್ಕೆ ಮರಳಿಸುವುದು ಧೈರ್ಯವಲ್ಲ, ಅಭ್ಯಾಸ. ಈ ಸತ್ಯವನ್ನು ಮಾನವನು ಅನೇಕ ಜೀವಗಳ ಬೆಲೆ ತೆತ್ತು ಕಲಿತನೆಂಬುದಕ್ಕೆ ವಿಮಾನವಿದ್ಯೆಯ ಇತಿಹಾಸವೇ ಸಾಕ್ಷಿ.

ಜರ್ಮನಿಯ ಎಂಜಿನಿಯರ್ ಓಟ್ಟೋ ಲಿಲಿಯೆಂಥಾಲ್‌ನು ತಾನೇ ನಿರ್ಮಿಸಿದ ರೆಕ್ಕೆಗಳನ್ನು ಧರಿಸಿ ಗುಡ್ಡದಿಂದ ಗಾಳಿಗೆ ಜಿಗಿದು ತೇಲುತ್ತಿದ್ದ ಸಾಹಸಿ. 1896ರ ಆಗಸ್ಟ್‌ನಲ್ಲಿ ಹೀಗೆ ತೇಲುತ್ತಿದ್ದಾಗಲೇ ಬಿದ್ದು ಮೃತನಾದನು. ಈ ಸುದ್ದಿಯು ಅಮೆರಿಕೆಯ ರೈಟ್ ಸಹೋದರರನ್ನು ಗಾಢವಾಗಿ ಚಿಂತಿಸುವಂತೆ ಮಾಡಿತು. ಯಂತ್ರವನ್ನು ಮೇಲೇರಿಸುವುದಕ್ಕಿಂತ ಅದನ್ನು ಹತೋಟಿಯಲ್ಲಿಡುವುದೇ ಕಠಿಣವೆಂದು ಅವರು ಅರಿತರು. ಎಂಜಿನ್ನನ್ನು ಅಳವಡಿಸುವ ಮೊದಲು, 1902ರಲ್ಲಿ, ಎಂಜಿನ್ನಿಲ್ಲದ ಗ್ಲೈಡರಿನಲ್ಲಿ ನೂರಾರು ಬಾರಿ ತೇಲಿ ಕೈಗಳನ್ನು ಪಳಗಿಸಿಕೊಂಡರು. 1903ರ ಡಿಸೆಂಬರ್ 17ರ ಮೊದಲ ಹಾರಾಟವು ಕೇವಲ 12 ಸೆಕೆಂಡುಗಳದು. ಅದರ ಹಿಂದಿದ್ದುದು ವರುಷಗಳ ಸಾಧನೆ.

ವಿಮಾನವಿದ್ಯೆಯಲ್ಲಿ ಅಭ್ಯಾಸಕ್ಕೆ ಇಷ್ಟು ಮಹತ್ತ್ವವೇಕೆ? ಇಲ್ಲಿ ಮನುಷ್ಯನ ಸಹಜ ಪ್ರವೃತ್ತಿಯೇ ಅವನ ಶತ್ರುವಾಗುವುದುಂಟು. ವಿಮಾನದ ರೆಕ್ಕೆಯು ಎದುರುಗಾಳಿಯನ್ನು ಕಿರಿದಾದ ಕೋನದಲ್ಲಿ ಸಂಧಿಸುವವರೆಗೆ ಗಾಳಿಯು ಅದನ್ನು ಎತ್ತಿ ಹಿಡಿಯುತ್ತದೆ. ಮೂತಿಯನ್ನು ಎತ್ತುತ್ತ ಹೋಗಿ ಆ ಕೋನವು ಸುಮಾರು 15 ಡಿಗ್ರಿಯನ್ನು ಮೀರಿತೆಂದರೆ, ರೆಕ್ಕೆಯ ಮೇಲ್ಮೈಯನ್ನು ಅನುಸರಿಸಿ ಹರಿಯುತ್ತಿದ್ದ ಗಾಳಿಯು ಅದನ್ನು ಬಿಟ್ಟು ಚದರಿಹೋಗುತ್ತದೆ. ಎತ್ತುವ ಶಕ್ತಿಯು ಕುಸಿದು, ವಿಮಾನವು ಮುಗ್ಗರಿಸುತ್ತದೆ. ಚಾಲಕರು ಇದನ್ನು ‘ಸ್ಟಾಲ್’ ಎನ್ನುತ್ತಾರೆ. ಬೀಳುವವನು ಮೇಲೇಳಲು ಹವಣಿಸುವುದು ಸಹಜ. ಆದ್ದರಿಂದ ಹೊಸ ಶಿಷ್ಯನು ಚಾಲನದಂಡವನ್ನು ಇನ್ನಷ್ಟು ತನ್ನತ್ತ ಎಳೆಯುತ್ತಾನೆ. ಎಳೆದಷ್ಟೂ ಅನಾಹುತ ಹೆಚ್ಚುತ್ತದೆ. ದಂಡವನ್ನು ಮುಂದಕ್ಕೆ ತಳ್ಳಿ, ಬೀಳುತ್ತಿರುವ ವಿಮಾನದ ಮೂತಿಯನ್ನು ಇನ್ನೂ ತಗ್ಗಿಸಿದಾಗಲೇ ಗಾಳಿಯು ಮತ್ತೆ ರೆಕ್ಕೆಯನ್ನು ಹಿಡಿಯುತ್ತದೆ. ನೆಲವು ಎದುರಿಗೆ ಧಾವಿಸಿ ಬರುತ್ತಿರುವಾಗ ನೆಲದ ಕಡೆಗೇ ಮೂತಿ ತಿರುಗಿಸಲು ಬುದ್ಧಿಯು ಒಪ್ಪಿದರೂ ಕೈ ಒಪ್ಪದು. ಕೈಯನ್ನು ಒಪ್ಪಿಸುವುದೇ ಶಿಕ್ಷಣ.

ಒಂದು ರೆಕ್ಕೆಯು ಮತ್ತೊಂದಕ್ಕಿಂತ ಹೆಚ್ಚಾಗಿ ಸೋತಾಗ ವಿಮಾನವು ಗಿರಕಿ ಹೊಡೆಯುತ್ತ ಕೆಳಗಿಳಿಯುತ್ತದೆ. ಇಂತಹ ಗಿರಕಿಗೆ ಸಿಕ್ಕವನು ಬದುಕುವುದಿಲ್ಲವೆಂದೇ ಆರಂಭಕಾಲದ ಚಾಲಕರು ಭಾವಿಸಿದ್ದರು. 1912ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ವಿಲ್ಫ್ರೆಡ್ ಪಾರ್ಕ್‌ನು, ತಿರುಗುತ್ತಿದ್ದ ದಿಕ್ಕಿಗೆ ವಿರುದ್ಧವಾಗಿ ರಡ್ಡರನ್ನು ಒತ್ತಿ, ನೆಲ ಸಮೀಪಿಸಿದ್ದಾಗ ಪಾರಾದನು. ಪರಿಹಾರವಿದೆಯೆಂದು ಲೋಕಕ್ಕೆ ತಿಳಿಯಿತು. ಆದರೆ ಅದನ್ನು ಪ್ರತಿಯೊಬ್ಬ ಶಿಷ್ಯನಿಗೂ ಕಲಿಸುವ ಕ್ರಮ ಇನ್ನೂ ಹುಟ್ಟಬೇಕಾಗಿತ್ತು.

ಆ ಕ್ರಮವನ್ನು ರೂಪಿಸಿದವನು ರಾಬರ್ಟ್ ಸ್ಮಿತ್-ಬ್ಯಾರಿ. 1914ರ ಅಪಘಾತವೊಂದರಲ್ಲಿ ಎರಡೂ ಕಾಲುಗಳನ್ನು ಮುರಿದುಕೊಂಡಿದ್ದ ಈತನು ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುದಳದ ತುಕಡಿಯೊಂದರ ನಾಯಕನಾಗಿದ್ದನು. ಅರೆಬರೆ ಕಲಿತ ತರುಣರು ರಣರಂಗಕ್ಕೆ ಬಂದು ಬೇಗನೆ ಸಾಯುವುದನ್ನು ಕಂಡು ಮರುಗಿ, ಮೇಲಧಿಕಾರಿಗಳಿಗೆ ಪತ್ರಗಳ ಮೇಲೆ ಪತ್ರ ಬರೆದನು. ಆಗಿನ ಶಿಕ್ಷಕರು ಶಿಷ್ಯರಿಗೇ ಅಂಜುತ್ತಿದ್ದ ಕಾಲ. ಶತ್ರುಗಳಷ್ಟೇ ಅಪಾಯಕಾರಿಗಳೆಂಬ ಅರ್ಥದಲ್ಲಿ ಅವರನ್ನು ‘ಹೂಣರು’ ಎಂದು ಕರೆಯುತ್ತಿದ್ದರು. 1917ರಲ್ಲಿ ಗಾಸ್‌ಪೋರ್ಟ್ ಎಂಬಲ್ಲಿ ಸ್ಮಿತ್-ಬ್ಯಾರಿಯು ಈ ಪದ್ಧತಿಯನ್ನು ತಲೆಕೆಳಗು ಮಾಡಿದನು. ಇಬ್ಬರಿಗೂ ಚಾಲನದಂಡವಿರುವ ಆವ್ರೋ ವಿಮಾನದಲ್ಲಿ ಶಿಷ್ಯನನ್ನು ಚಾಲಕನ ಸ್ಥಾನದಲ್ಲಿಯೇ ಕುಳ್ಳಿರಿಸಿದನು. ಎಂಜಿನ್ನಿನ ಗದ್ದಲದಲ್ಲಿಯೂ ಶಿಕ್ಷಕನ ಮಾತು ಕೇಳುವಂತೆ ನಡುವೆ ಕೊಳವೆಯೊಂದನ್ನು ಅಳವಡಿಸಿದನು. ಅಪಾಯವನ್ನು ಶಿಷ್ಯನಿಂದ ಬಚ್ಚಿಡದೆ, ಸಾಕಷ್ಟು ಎತ್ತರದಲ್ಲಿ, ಶಿಕ್ಷಕನ ಸನ್ನಿಧಿಯಲ್ಲಿ ಅವನಿಗೆ ಅದರ ಪರಿಚಯ ಮಾಡಿಸಬೇಕೆಂಬುದೇ ಅವನ ತತ್ತ್ವ. ಗಿರಕಿಯಿಂದ ಹತ್ತು ಬಾರಿ ಹೊರಬಂದವನಿಗೆ ಹನ್ನೊಂದನೆಯದು ಯಮದೂತನಲ್ಲ, ಪರಿಚಿತ ಪಾಠ. ನೀರಿಗಿಳಿಯದೆ ಈಜು ಬಾರದೆಂಬುದು ನಮ್ಮ ಹಿರಿಯರ ಅನುಭವವೂ ಅಲ್ಲವೇ?

ಆದರೆ ನುರಿತ ಕೈಯೂ ಮರೆಯಬಲ್ಲದು. 1935ರ ಅಕ್ಟೋಬರ್ 30ರಂದು ಅಮೆರಿಕೆಯಲ್ಲಿ ಬೋಯಿಂಗ್ ಸಂಸ್ಥೆಯ ಹೊಸ ಬೃಹದ್ವಿಮಾನವು ಮೇಲೇರಿದೊಡನೆಯೇ ಉರುಳಿತು. ಅನುಭವಿ ಪರೀಕ್ಷಾ ಚಾಲಕರಿಬ್ಬರು ಅಸುನೀಗಿದರು. ನಿಂತಿರುವಾಗ ಗಾಳಿಗೆ ಅಲುಗದಂತೆ ಬಾಲದ ಹಲಗೆಗಳಿಗೆ ಹಾಕಿದ್ದ ಬಿಗಿಯನ್ನು ಹಾರುವ ಮುನ್ನ ತೆಗೆದಿರಲಿಲ್ಲ! ಅಂದಿನಿಂದ ಮಾಡಬೇಕಾದ ಕೆಲಸಗಳನ್ನು ಪಟ್ಟಿಯಾಗಿ ಬರೆದಿಟ್ಟುಕೊಂಡು, ಪ್ರತಿ ಸಲವೂ ಒಂದೊಂದಾಗಿ ಪರಿಶೀಲಿಸುವ ನಿಯಮವು ರೂಢಿಗೆ ಬಂದಿತು. ಸಾವಿರ ಗಂಟೆ ಹಾರಿದವನೂ ಮೊದಲ ದಿನದ ವಿದ್ಯಾರ್ಥಿಯಂತೆ ಆ ಪಟ್ಟಿಯನ್ನು ಓದುತ್ತಾನೆ. ಇದು ಜ್ಞಾನದ ಕೊರತೆಯಲ್ಲ, ಜ್ಞಾನದ ವಿನಯ.

ವಿನಯಕ್ಕೆ ಮತ್ತೊಂದು ಪರೀಕ್ಷೆಯಿರುವುದು ಇಳಿಯುವ ವೇಳೆಯಲ್ಲಿ. ಓಡುಹಾದಿಯ ನೇರಕ್ಕೆ ಬರುವ ಕೊನೆಯ ತಿರುವಿನಲ್ಲಿ ವೇಗವೂ ಎತ್ತರವೂ ಕಡಿಮೆ. ಅಲ್ಲಿ ಗುರಿ ತಪ್ಪಿದವನು ಹಟಹಿಡಿದು ವಿಮಾನವನ್ನು ಬಲವಂತವಾಗಿ ತಿರುಗಿಸಹೋದರೆ ಗಿರಕಿಗೆ ಸಿಕ್ಕಿಕೊಂಡಾನು, ಚೇತರಿಸಿಕೊಳ್ಳಲು ಎತ್ತರವಿರದು. ಇಳಿಯುವ ಸಂಕಲ್ಪವನ್ನು ಬಿಟ್ಟು, ಎಂಜಿನ್ನಿಗೆ ಪೂರ್ಣ ಶಕ್ತಿಯಿತ್ತು ಮತ್ತೆ ಮೇಲೇರಿ, ಇನ್ನೊಂದು ಸುತ್ತು ಬಂದು ಇಳಿಯುವವನೇ ಜಾಣ. ಹಿಂಜರಿಯುವುದೂ ಇಲ್ಲಿ ಒಂದು ಕೌಶಲ.

ಈ ಗುರುಶಿಷ್ಯ ಪರಂಪರೆಗೆ ಕರ್ನಾಟಕದ ಕಾಣಿಕೆಯೂ ಸ್ಮರಣೀಯ. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಸಿದ್ಧವಾದ ಎಚ್.ಟಿ.-2 ತರಬೇತಿ ವಿಮಾನವು 1951ರ ಆಗಸ್ಟ್ 5ರಂದು ಮೊದಲು ಹಾರಿತು. ಒಂದರ ಹಿಂದೊಂದು ಪೀಠಗಳಿದ್ದ ಆ ಪುಟ್ಟ ವಿಮಾನದಲ್ಲಿ ಭಾರತೀಯ ವಾಯುಪಡೆಯ ಅಸಂಖ್ಯ ತರುಣರು ಅಕ್ಷರಾಭ್ಯಾಸ ಮಾಡಿದರು. ಇಂದು ನಮ್ಮ ದೇಶದಲ್ಲಿ ಖಾಸಗಿ ಚಾಲಕನ ಪರವಾನಗಿಗೆ ಕನಿಷ್ಠ 40 ಗಂಟೆ, ವೃತ್ತಿಪರ ಚಾಲಕನ ಪರವಾನಗಿಗೆ 200 ಗಂಟೆ ಹಾರಿರಬೇಕು.

ಇಷ್ಟೆಲ್ಲ ಶಿಕ್ಷಣದ ನಡುವೆ ಒಂದು ದಿನ ಶಿಕ್ಷಕನು ಏನನ್ನೂ ಹೇಳದೆ ವಿಮಾನದಿಂದ ಇಳಿದು, “ಇನ್ನು ನೀನೊಬ್ಬನೇ ಹೋಗಿ ಬಾ” ಎನ್ನುತ್ತಾನೆ. ಒಬ್ಬನ ಭಾರ ಇಳಿದುದರಿಂದ ವಿಮಾನವು ಎಂದಿಗಿಂತ ಬೇಗನೆ ಮೇಲೇರುತ್ತದೆ. ಗುರುವಿನ ಪೀಠವು ಬರಿದಾಗಿರುವುದನ್ನು ಶಿಷ್ಯನು ಆಗ ಅರಿಯುತ್ತಾನೆ. ಕೆಳಗೆ ನಿಂತ ಶಿಕ್ಷಕನ ಕೈಯಲ್ಲಿ ಈಗ ದಂಡವಿಲ್ಲ. ಬೇಗ ಕೈಬಿಟ್ಟರೆ ಶಿಷ್ಯನ ಪ್ರಾಣಕ್ಕೆ ಸಂಚಕಾರ. ಬಿಡದೆ ಹಿಡಿದರೆ ಅವನು ಎಂದೆಂದಿಗೂ ಪ್ರಯಾಣಿಕನೇ. ಆ ಗಳಿಗೆಯನ್ನು ಸರಿಯಾಗಿ ಗುರುತಿಸುವುದಕ್ಕೆ ಯಾವ ಉಪಕರಣವೂ ಇಲ್ಲ, ಶಿಷ್ಯನನ್ನು ದಿನದಿನವೂ ನೋಡಿ ಬಲ್ಲ ಕಣ್ಣೊಂದೇ ಸಾಧನ. ವಿದ್ಯೆ ಯಾವುದೇ ಇರಲಿ, ಕಲಿಸುವವರೆಲ್ಲರ ಹೊಣೆಯೂ ಇದೇ ಆಗಿದೆ.