ಬೋಳು ತೆಂಗಿನ ಬಿಡಾರ

ತುಮಕೂರು ಬಿಟ್ಟ ರೈಲು ಗುಬ್ಬಿ, ನಿಟ್ಟೂರು ಹಾದು ತಿಪಟೂರಿನ ಕಡೆಗೆ ಸಾಗುವಾಗ ಕಿಟಕಿಯ ಎರಡೂ ಬದಿಗೆ ತೆಂಗು ಬಿಟ್ಟರೆ ಬೇರೇನೂ ಇಲ್ಲವೇನೋ ಅನ್ನಿಸುತ್ತದೆ. ನಡುವೆ ಒಂದಿಷ್ಟು ರಾಗಿ ಹೊಲ, ಒಂದು ಕೆರೆ ಏರಿ, ಬೇಲಿಯ ಕತ್ತಾಳೆ, ಮತ್ತೆ ತೆಂಗು. ಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷವಿಡೀ ಇಟ್ಟು, ಒಳಗಿನ ನೀರು ಇಂಗಿ ಗಿಟುಕು ಗಲಗಲ ಎನ್ನುವವರೆಗೆ ಕಾಯುವ ಜನ ಇವರು. ತಿಪಟೂರಿನ ಉಂಡೆ ಕೊಬ್ಬರಿಗೆ ಉತ್ತರ ಭಾರತದವರೆಗೂ ಹೆಸರಿದೆ. ಹೊರಗಿನಿಂದ ಬಂದವರು ಕೊಬ್ಬರಿ ಮಾರುಕಟ್ಟೆ ನೋಡುತ್ತಾರೆ, ಇತಿಹಾಸದ ರುಚಿಯುಳ್ಳವರು ಅರಳಗುಪ್ಪೆಯ ಕಲ್ಲೇಶ್ವರ ಗುಡಿಗೆ ಹೋಗಿ ಒಂಬತ್ತನೆಯ ಶತಮಾನದ ಆ ಕಲ್ಲಿನ ಛಾವಣಿಯನ್ನು ಕತ್ತೆತ್ತಿ ನೋಡುತ್ತಾರೆ. ತೋಟದೊಳಗೆ ಹೋಗಿ ಕತ್ತೆತ್ತುವವರು ಕಡಿಮೆ. ಅಲ್ಲಿಯೂ ನೋಡಬೇಕಾದದ್ದಿದೆ.

ದಾರಿಯಲ್ಲಿ ಸಿಗುವ ಊರಿನ ಹೆಸರು ಗುಬ್ಬಿಯೇ ಆದರೂ, ಈ ಸೀಮೆಯ ಹಕ್ಕಿ ಯಾವುದೆಂದು ಯಾರಾದರೂ ಕೇಳಿದರೆ ನಾನು ಮರಕುಟಿಗ ಎನ್ನುತ್ತೇನೆ. ನಮ್ಮ ಹಳ್ಳಿಗಳಲ್ಲಿ ಮರಕುಟುಕ ಎಂದೂ ಕರೆಯುವುದುಂಟು. ಭಾರತದಲ್ಲಿ ಮರಕುಟಿಗಗಳ ಜಾತಿಗಳು ಹಲವಿದ್ದರೂ ಬಯಲುಸೀಮೆಯ ತೋಟ, ಹಿತ್ತಲು, ರಸ್ತೆಬದಿಯ ಮರಗಳಲ್ಲಿ ಎಲ್ಲಕ್ಕಿಂತ ಸುಲಭವಾಗಿ ಕಾಣುವುದು ಹೊಂಬೆನ್ನಿನದು. ಬೆಂಗಳೂರಿನ ಲಾಲ್‌ಬಾಗು, ಕಬ್ಬನ್ ಪಾರ್ಕುಗಳಲ್ಲೂ ಇದೆ. ಕಾಡೇ ಬೇಕೆಂಬ ಹಟ ಇದಕ್ಕಿಲ್ಲ.

ಕಣ್ಣಿಗೆ ಬೀಳುವ ಮೊದಲು ಇದು ಕಿವಿಗೆ ಬೀಳುತ್ತದೆ. ಕುಟ್ಟುವ ಸದ್ದಲ್ಲ, ಕೂಗು. ಯಾರೋ ಗಟ್ಟಿಯಾಗಿ, ಒರಟಾಗಿ ನಕ್ಕು ತಟ್ಟನೆ ನಿಲ್ಲಿಸಿದಂತೆ ಒಂದೇ ಉಸಿರಿನ ‘ಕಿಕಿಕಿಕಿ’. ಆ ನಗೆಯ ಜೊತೆಗೇ ಹಕ್ಕಿ ಒಂದು ಮರದಿಂದ ಇನ್ನೊಂದಕ್ಕೆ ಹಾರುತ್ತದೆ. ನಾಲ್ಕಾರು ಸಲ ರೆಕ್ಕೆ ಬಡಿದು ಮೇಲೇರಿ, ರೆಕ್ಕೆ ಮುಚ್ಚಿ ಜಾರಿ, ಮತ್ತೆ ಬಡಿದು ಏರಿ, ಗಾಳಿಯಲ್ಲಿ ಅಲೆ ಬರೆದಂತೆ ಹೋಗುತ್ತದೆ. ಬಿಸಿಲಿನಲ್ಲಿ ಬೆನ್ನು ಹೊಳೆಯುವುದು ಆಗಲೇ.

ಗಾತ್ರ ಗೊರವಂಕಕ್ಕಿಂತ ತುಸು ದೊಡ್ಡದು. ಕೊಕ್ಕಿನಿಂದ ಬಾಲದ ತುದಿಗೆ 26ರಿಂದ 29 ಸೆಂಟಿಮೀಟರು. ಬೆನ್ನು ಮತ್ತು ರೆಕ್ಕೆಯ ಮೇಲ್ಭಾಗ ಅಪ್ಪಟ ಅರಿಶಿನ ಬಂಗಾರದ ಬಣ್ಣ. ರೆಕ್ಕೆಯ ದೊಡ್ಡ ಗರಿಗಳು ಕಪ್ಪು, ಅವುಗಳ ಮೇಲೆ ಬಿಳಿ ಚುಕ್ಕೆ. ಎದೆ ಹೊಟ್ಟೆಯ ಬಿಳಿಯ ಮೇಲೆ ಕಪ್ಪು ಅಂಚಿನ ಗುರುತುಗಳು, ಮೀನಿನ ಹುರುಪೆಯ ಹಾಗೆ. ಗಂಡಿನ ನೆತ್ತಿ ಮತ್ತು ಜುಟ್ಟು ಪೂರ್ತಿ ಕೆಂಪು. ಹೆಣ್ಣಿಗೆ ಜುಟ್ಟು ಮಾತ್ರ ಕೆಂಪು, ಹಣೆ ಮತ್ತು ನೆತ್ತಿಯ ಮುಂಭಾಗ ಕಪ್ಪಿನ ಮೇಲೆ ಬಿಳಿ ಚುಕ್ಕಿ. ಹುಡುಗರಿಗೆ ಇದನ್ನು ಒಮ್ಮೆ ತೋರಿಸಿದರೆ ಸಾಕು, ಮಾರನೆಯ ದಿನ ‘ಸಾರ್, ಹೆಣ್ಣು ನೋಡ್ದೆ’ ಎಂದು ಓಡಿ ಬರುತ್ತಾರೆ.

ಈ ಬಂಗಾರದ ಬೆನ್ನಿನವು ಒಂದೇ ಜಾತಿಯಲ್ಲ ಎಂಬುದು ಮಲೆನಾಡಿಗೆ ಹೋದಾಗ ಗೊತ್ತಾಗುತ್ತದೆ. ಪಶ್ಚಿಮಘಟ್ಟದ ಮಳೆಕಾಡಿನಲ್ಲಿ ಇದರ ದಾಯಾದಿಗಳಿವೆ. ಅವುಗಳ ಬೆನ್ನೂ ಹೊನ್ನೇ, ಆದರೆ ಸೊಂಟ ಕೆಂಪು. ನಮ್ಮ ತೋಟದ್ದಕ್ಕೆ ಸೊಂಟ ಕಪ್ಪು, ಗಂಟಲೂ ಕಪ್ಪು, ಅದರ ಮೇಲೆ ಸಾಸಿವೆ ಚೆಲ್ಲಿದಷ್ಟು ಸಣ್ಣ ಬಿಳಿ ಗುರುತು. ಇಂಗ್ಲಿಷಿನ ಈಗಿನ ಹೆಸರು, ಬ್ಲ್ಯಾಕ್-ರಂಪ್ಡ್ ಫ್ಲೇಮ್‌ಬ್ಯಾಕ್, ಈ ಸೊಂಟವನ್ನೇ ಹಿಡಿದು ಇಟ್ಟದ್ದು. ಘಟ್ಟದ ದಾಯಾದಿಗಳಲ್ಲಿ ಒಂದಕ್ಕೆ ಕಾಲಿಗೆ ಮೂರೇ ಬೆರಳು. ನಮ್ಮದಕ್ಕೆ ನಾಲ್ಕಿವೆ, ಒಂದು ಮಾತ್ರ ಬಹಳ ಗಿಡ್ಡ. ಲಿನೇಯಸ್ 1758ರಲ್ಲಿ ಇದಕ್ಕೆ ಬಂಗಾಳದ ಹೆಸರು ಹಚ್ಚಿದ. ಅತ್ತ ಶ್ರೀಲಂಕಾದ ದಕ್ಷಿಣಕ್ಕೆ ಹೋದರೆ ಹತ್ತಿರದ ಬಂಧುವಿನ ಬೆನ್ನು ಹೊನ್ನಲ್ಲ, ಕಡುಗೆಂಪು. ಉತ್ತರದ ಜಾಫ್ನಾ ಕಡೆ ಮತ್ತೆ ನಮ್ಮ ಹೊನ್ನಿನದೇ.

ಗರಿಯ ಬಣ್ಣ ನೋಡಿ ಮುಗಿದ ಮೇಲೆ ಬಾಲ ನೋಡಬೇಕು. ನನ್ನ ಮಟ್ಟಿಗೆ ಈ ಹಕ್ಕಿಯ ಜಾಣತನವೆಲ್ಲ ಇರುವುದು ಅಲ್ಲಿ. ಕೋಳಿಯ ಬಾಲದ ಗರಿಯನ್ನು ಬೆರಳಲ್ಲಿ ಬಗ್ಗಿಸಿದರೆ ಬಗ್ಗುತ್ತದೆ. ಮರಕುಟಿಗದ ಬಾಲದ ನಡುಗರಿ ಹಾಗಲ್ಲ. ಅದರ ಕಡ್ಡಿ ದಪ್ಪ, ಬಿದಿರಿನ ಸೀಳಿನಂತೆ ಬಿರುಸು, ತುದಿ ಚೂಪು. ಉದುರಿದ ಗರಿಯೊಂದು ಸಿಕ್ಕಿದರೆ ತುದಿಯನ್ನು ಗಮನಿಸಿ, ಮರಕ್ಕೆ ಒತ್ತಿ ಒತ್ತಿ ಎಳೆಗಳು ಸವೆದಿರುತ್ತವೆ. ಕಾಲಿಗೆ ಹಗ್ಗ ಹಾಕಿಕೊಂಡು ತೆಂಗು ಹತ್ತುವವನು ಹೇಗೆ ಹಗ್ಗಕ್ಕೆ ಭಾರ ಕೊಟ್ಟು ಮುಂದಿನ ಪಟ್ಟು ಹಿಡಿಯುತ್ತಾನೋ ಹಾಗೆ ಇದು ಬಾಲಕ್ಕೆ ಭಾರ ಕೊಟ್ಟು ಮುಂದಿನ ಕುಪ್ಪಳ ಹಾಕುತ್ತದೆ. ಎರಡು ಕಾಲು, ಒಂದು ಬಾಲ, ಮುಕ್ಕಾಲು ಪೀಠ.

ಹಾಗಾದರೆ ವರ್ಷಕ್ಕೊಮ್ಮೆ ಹಳೆ ಗರಿ ಉದುರಿ ಹೊಸದು ಬರುವಾಗ ಪೀಠದ ಗತಿ ಏನು? ಬಹಳಷ್ಟು ಹಕ್ಕಿಗಳು ಬಾಲದ ಗರಿಯನ್ನು ನಡುವಿನಿಂದ ಉದುರಿಸಲು ಶುರುಮಾಡುತ್ತವೆ. ಮರಕುಟಿಗಗಳು ನಡುವಿನ ಜೋಡಿಯನ್ನು ಕೊನೆಗೆ ಉಳಿಸಿಕೊಳ್ಳುತ್ತವೆ. ಪಕ್ಕದ ಗರಿಗಳು ಹೊಸದಾಗಿ ಬೆಳೆದು ಭಾರ ಹೊರಲು ಅಣಿಯಾದ ಮೇಲಷ್ಟೇ ಆ ಎರಡು ಬೀಳುತ್ತವೆ. ಮನೆಯ ಮಾಡು ಬದಲಿಸುವಾಗ ಪಕ್ಕದ ಕಂಬ ನಿಲ್ಲಿಸಿಕೊಂಡು ನಡುಗಂಬಕ್ಕೆ ಕೈ ಹಾಕುವ ಲೆಕ್ಕ ಇದು. ಮೂಗಿನ ಹೊಳ್ಳೆಯ ಮೇಲೂ ಸಣ್ಣ ಬಿರುಸು ಗರಿಗಳಿವೆ; ಕುಟ್ಟಿದ ಹೊಟ್ಟು ಒಳಗೆ ಹೋಗದಂತೆ ಅವು ತಡೆಯುತ್ತವೆ.

ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ ಬೇರೆ: ‘ಅಷ್ಟು ಕುಟ್ಟಿದರೂ ತಲೆನೋವು ಬರಲ್ವಾ ಸಾರ್?’ ತಲೆಬುರುಡೆಯಲ್ಲಿ ಸ್ಪಂಜಿನಂಥ ಮೂಳೆ ಇದ್ದು ಪೆಟ್ಟನ್ನು ಹೀರಿಕೊಳ್ಳುತ್ತದೆ ಎಂಬ ಉತ್ತರ ಬಹುಕಾಲ ಪುಸ್ತಕಗಳಲ್ಲಿತ್ತು. 2022ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ವಿಶ್ವವಿದ್ಯಾಲಯದ ಸ್ಯಾಮ್ ವಾನ್ ವಾಸೆನ್‌ಬರ್ಗ್ ಮತ್ತು ಸಂಗಡಿಗರು ಮೂರು ಜಾತಿಯ ಮರಕುಟಿಗಗಳನ್ನು ಅತಿವೇಗದ ಕ್ಯಾಮೆರಾದಲ್ಲಿ ಚಿತ್ರಿಸಿ, ಕೊಕ್ಕು ನಿಂತಾಗ ತಲೆಯೂ ಅದೇ ಬಿಗಿಯಲ್ಲಿ ನಿಲ್ಲುತ್ತದೆ, ನಡುವೆ ಪೆಟ್ಟು ಹೀರುವ ಮೆತ್ತೆ ಏನೂ ಇಲ್ಲ ಎಂದು ತೋರಿಸಿದರು. ಯೋಚಿಸಿದರೆ ಸರಿಯೇ. ಸುತ್ತಿಗೆಯ ತಲೆಯನ್ನು ಸ್ಪಂಜಿನಲ್ಲಿ ಮಾಡಿದರೆ ಮೊಳೆ ಇಳಿದೀತೆ? ಹಕ್ಕಿ ಬಚಾವಾಗುವುದು ಅದರ ಮಿದುಳು ಪುಟ್ಟದಾಗಿರುವುದರಿಂದ. ನಮ್ಮ ದೊಡ್ಡ ಮಿದುಳಿಗೆ ಪೆಟ್ಟಾಗುವ ಆಘಾತ ಅದಕ್ಕೆ ತಾಗುವುದಿಲ್ಲ. ‘ದಡ್ಡನ ತಲೆ ಗಟ್ಟಿ ಅಂತಾರಲ್ಲ ಸಾರ್, ಹಂಗೆ’ ಎಂದ ಕೊನೆ ಬೆಂಚಿನ ಹುಡುಗನಿಗೆ ಏನು ಹೇಳಲೂ ನನಗೆ ತೋಚಲಿಲ್ಲ.

ಇದರ ಊಟ ಮುಖ್ಯವಾಗಿ ಇರುವೆ. ತೆಂಗಿನ ಬೊಡ್ಡೆಯ ಮೇಲೆ ಸಾಲು ಹಿಡಿದು ಹತ್ತುವ ಕಪ್ಪಿರುವೆ, ಗೆದ್ದಲು, ಒಣಮರದೊಳಗಿನ ದುಂಬಿಯ ಮರಿಹುಳು. ನಾಲಗೆ ಕೊಕ್ಕಿಗಿಂತ ಎಷ್ಟೋ ಉದ್ದ; ಅದರ ಬುಡದ ಎಲುಬುಗಳು ತಲೆಬುರುಡೆಯ ಹಿಂದಿನಿಂದ ಸುತ್ತಿ ಬಂದಿರುತ್ತವೆ. ತುದಿಗೆ ಮುಳ್ಳು, ಮೇಲೆ ಅಂಟು. ಬೂರುಗ, ಹಾಲುವಾಣ ಹೂಬಿಟ್ಟಾಗ ಮಕರಂದಕ್ಕೂ ಬರುತ್ತದೆ. ನೆಲಕ್ಕಿಳಿದು ಇರುವೆಗೂಡು ಕೆದಕುವುದನ್ನೂ ನೋಡಬಹುದು. ಆದರೆ ಮರದಲ್ಲಿ ತಲೆಕೆಳಗಾಗಿ ಇಳಿಯುವ ಅಭ್ಯಾಸ ಇದಕ್ಕಿಲ್ಲ. ಕೆಳಗೆ ಬರಬೇಕಾದರೆ ಬಾಲ ಮುಂದು ಮಾಡಿ, ಏಣಿ ಇಳಿಯುವವರಂತೆ ಹಿಂದಕ್ಕೆ ಜಾರುತ್ತದೆ.

ಇಷ್ಟೆಲ್ಲ ಇದ್ದರೂ ತೋಟದವರಿಗೆ ಇದರ ಮೇಲೆ ಒಳ್ಳೆಯ ಅಭಿಪ್ರಾಯವಿಲ್ಲ. ನಮ್ಮೂರ ಪಕ್ಕದ ತೋಟದ ಹಿರಿಯರೊಬ್ಬರು ಒಂದು ಬೆಳಿಗ್ಗೆ ನನ್ನನ್ನು ಕರೆದು ತೋರಿಸಿದರು. ‘ನೋಡಿ ಮೇಷ್ಟ್ರೇ, ಮರಾನೆಲ್ಲ ತೂತು ಮಾಡಿ ಕೊಂದಾಕೈತೆ. ನೀವು ನೋಡಿದ್ರೆ ಅದನ್ನ ನೋಡ್ಕಂಡು ನಿಂತ್ಕತೀರ.’

‘ಸುಳಿ ಹೋದದ್ದು ಯಾವಾಗ ಯಜಮಾನ್ರೇ?’ ಎಂದೆ.

‘ಅದು ಹೋದ್ವರ್ಷದ ಹಿಂದ್ಲೊರ್ಷ.’

‘ಹಕ್ಕಿ ಬಂದದ್ದು?’

ಅವರು ಸ್ವಲ್ಪ ಹೊತ್ತು ಮರದ ಕಡೆ ನೋಡಿದರು. ‘ಈ ಸುಗ್ಗೀಲಿ’ ಎಂದು ನಕ್ಕರು.

ತೆಂಗಿಗೆ ಬೇವು, ಮಾವಿನಂತೆ ಗಾಯ ಮಾಯುವುದಿಲ್ಲ. ಬೊಡ್ಡೆಗೆ ಹೊಸ ಪದರ ಸೇರಿಸುವ ಜೀವಕೋಶಗಳೇ ಅದಕ್ಕಿಲ್ಲ. ಬೆಳೆಯುವ ಜಾಗ ನೆತ್ತಿಯ ಸುಳಿ ಒಂದೇ. ಸುಳಿ ಸತ್ತರೆ ಗರಿಗಳು ಒಂದೊಂದಾಗಿ ಜೋತು ಬಿದ್ದು ಬೋಳು ಕಂಬ ಉಳಿಯುತ್ತದೆ. ಅದರ ಹೊರಭಾಗ ಕಬ್ಬಿಣದಷ್ಟು ಗಟ್ಟಿ, ಒಳಗೆ ಮೆತ್ತಗಿನ ನಾರು. ಆ ನಾರು ಕೊಳೆತು ಸಡಿಲವಾದಾಗ ಮರಕುಟಿಗಕ್ಕೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ: ಹೊರಗೋಡೆ ಭದ್ರ, ಒಳಗೆ ಕೆತ್ತುವುದು ಸುಲಭ. ಇನ್ನು ಹಸಿಮರಕ್ಕೇ ಹಕ್ಕಿ ಪದೇ ಪದೇ ಬಂದು ಒಂದೇ ಕಡೆ ಕುಟ್ಟುತ್ತಿದ್ದರೆ ಬೈಯುವ ಬದಲು ಬೊಡ್ಡೆಗೆ ಕಿವಿಯಿಟ್ಟು ಕೇಳುವುದು ಲೇಸು. ಕೆಂಪು ಮೂತಿ ಹುಳು ಹೊಕ್ಕ ಮರದಲ್ಲಿ ಅದು ಜಗಿಯುವ ಸದ್ದು ಮನುಷ್ಯರಿಗೂ ಕೇಳುವುದುಂಟು.

ಬೋಳು ಮರಗಳಿಗೆ ಈ ಸೀಮೆಯಲ್ಲಿ ಬರ ಬಂದದ್ದಿಲ್ಲ. 2016ರ ಆಸುಪಾಸಿನ ಬರದ ವರ್ಷಗಳಲ್ಲಿ ತಿಪಟೂರು, ಚಿಕ್ಕನಾಯಕನಹಳ್ಳಿ, ಅರಸೀಕೆರೆ ಕಡೆ ಕೊಳವೆಬಾವಿಗಳು ಬತ್ತಿ ತೋಟಕ್ಕೆ ತೋಟವೇ ಒಣಗಿದ್ದನ್ನು ಕಂಡಿದ್ದೇವೆ. ತಾತ ನೆಟ್ಟ ಮರಕ್ಕೆ ಮೊಮ್ಮಗ ಕೊಡಲಿ ಹಾಕಿಸುವುದನ್ನು ನೋಡುವುದು ಕಷ್ಟದ ಕೆಲಸ. ಸತ್ತ ಮರವನ್ನು ತೋಟದಲ್ಲಿ ಬಿಡಬೇಡಿ ಎಂದು ಕೃಷಿ ಇಲಾಖೆಯವರು ಹೇಳುವುದರಲ್ಲಿ ಅರ್ಥವಿದೆ. ಕೊಳೆಯುವ ಬೊಡ್ಡೆಯಲ್ಲಿ ಕುರುವಾಯಿ ದುಂಬಿ ಮರಿ ಮಾಡುತ್ತದೆ, ತಿಪ್ಪೆಯಲ್ಲಿ ಮಾಡಿದ ಹಾಗೆಯೇ. ಹುಳು ತಿಂದು ಸತ್ತ ಮರವನ್ನು ಕಡಿದು ಸಾಗಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈಗ ಯಂತ್ರದ ಗರಗಸ ಬಂದು, ಒಣಗಿದ್ದೆಲ್ಲವನ್ನೂ, ಬೇಲಿಯ ಮುದಿ ನುಗ್ಗೆ, ಹಾಲುವಾಣದ ಒಣಕೊಂಬೆಯನ್ನೂ ಸೇರಿಸಿ, ಒಂದೇ ದಿನದಲ್ಲಿ ಇಟ್ಟಿಗೆ ಗೂಡಿಗೆ ಸಾಗಿಸುವುದು ರೂಢಿಯಾಗಿದೆ. ಕೇಳಿದರೆ ‘ತೋಟ ನೀಟಾಗಿರ್ಲಿ ಅಂತ’ ಎನ್ನುತ್ತಾರೆ. ನುಗ್ಗೆ, ಹಾಲುವಾಣದ ಒಣಕೊಂಬೆಯಿಂದ ತೆಂಗಿಗೆ ಏನು ಕೇಡು? ಈ ನೀಟಿನ ಹುಚ್ಚು ನಮಗೆ ಎಲ್ಲಿಂದ ಬಂತೋ ತಿಳಿಯದು.

ಮರ ಹೋದರೆ ಮನೆ ಕಳೆದುಕೊಳ್ಳುವುದು ಮರಕುಟಿಗ ಒಂದೇ ಅಲ್ಲ. ಗೊರವಂಕ, ಗಿಳಿ, ಮಡಿವಾಳ ಹಕ್ಕಿ, ಹಾಲಕ್ಕಿ ಇವಕ್ಕೆಲ್ಲ ಪೊಟರೆ ಬೇಕು, ಕೊರೆಯುವ ಕೊಕ್ಕು ಇಲ್ಲ. ಮರಕುಟಿಗ ಬಿಟ್ಟ ಮನೆಯೇ ಅವಕ್ಕೆ ಆಸರೆ. ಎಷ್ಟೋ ಸಲ ಬಿಡುವುದಕ್ಕೂ ಕಾಯದೆ ಗೊರವಂಕಗಳು ಜಗಳ ತೆಗೆದು ಒಕ್ಕಲೆಬ್ಬಿಸುತ್ತವೆ.

ಆ ಹಿರಿಯರ ಬೋಳು ಮರ ಬದುವಿನ ಮೇಲಿತ್ತು, ಬಿದ್ದರೂ ಯಾರ ತಲೆಯ ಮೇಲೂ ಬೀಳುವಂತಿರಲಿಲ್ಲ. ‘ಇದ್ದರೆ ಇರ್ಲಿ ಬಿಡಿ’ ಎಂದರು. ಬೇಸಿಗೆಯಲ್ಲಿ ಅಲ್ಲಿ ಗಂಡು ಹೆಣ್ಣು ಸರದಿಯ ಮೇಲೆ ಕೊರೆದು ದುಂಡನೆಯ ಬಾಗಿಲು ಮಾಡಿದವು. ಬುಡದಲ್ಲಿ ಹೊಟ್ಟು ಬಿದ್ದಿರುವುದು ನೋಡಿದರೆ ಕೆಲಸ ನಡೆದಿದೆ ಎಂದು ತಿಳಿಯುತ್ತಿತ್ತು. ಈ ಜಾತಿಯ ಮೊಟ್ಟೆಗಳು ಎರಡೋ ಮೂರೋ, ಹೊಳಪಿನ ಬಿಳಿ. ಕತ್ತಲ ಗೂಡಿನಲ್ಲಿ ಬಣ್ಣದ ಮರೆ ಬೇಕಿಲ್ಲವಲ್ಲ. ಹನ್ನೊಂದು ದಿನದ ಕಾವಿಗೆ ಮರಿ ಹೊರಬರುತ್ತದೆ, ಸುಮಾರು ಇಪ್ಪತ್ತು ದಿನಕ್ಕೆ ಗೂಡು ಬಿಡುತ್ತದೆ. ಮೇ ತಿಂಗಳಲ್ಲಿ ಒಂದು ಸಂಜೆ ಮರಿಯೊಂದು ಬಾಗಿಲಲ್ಲಿ ತಲೆ ಹಾಕಿ ಕೂಗುತ್ತಿತ್ತು. ತಂದೆ ಪಕ್ಕದ ಮರದಲ್ಲಿ ಇರುವೆ ಹಿಡಿದು ಕೂತು, ಕೊಡದೆ ಕರೆಯುತ್ತಿತ್ತು. ಮಾರನೆಯ ದಿನ ಬಾಗಿಲು ಖಾಲಿ.

ಮುಂದಿನ ಬೇಸಿಗೆ ಅದರಲ್ಲಿ ಗೊರವಂಕದ ಸಂಸಾರ. ಮರಕುಟಿಗ ಒಂದು ಮೊಳ ಕೆಳಗೆ ಹೊಸ ತೂತು ಶುರುಮಾಡಿತ್ತು. ಹಿರಿಯರು ನನ್ನನ್ನು ಕಂಡವರೇ, ‘ಮೇಷ್ಟ್ರೇ, ನಿಮ್ಮ ಒಕ್ಕಲು ಬಾಡಿಗೆಗೆ ಕೊಟ್ಟವ್ರೆ’ ಎಂದು ಕೂಗಿ ಹೇಳಿದರು.